ಕಲ್ಲಿಗಿಂತ ಮೇಲಿನ ಮನೆ

ಅಣೆಕಟ್ಟೆಯ ಎಂಜಿನಿಯರ್ ಸಾಹೇಬನಿಗೆ ಕೆಲಸದವರು ಇಟ್ಟ ಅಡ್ಡಹೆಸರು ರಸಮಟ್ಟ, ಗಾರೆಯವರು ಮಟ್ಟ ನೋಡುವ ಸಾಧನದ್ದೇ ಹೆಸರು. ಕೂದಲೆಳೆಯಷ್ಟು ಏರುಪೇರಾದರೂ ಹಾಕಿದ ಕಾಂಕ್ರೀಟು ಕೀಳಿಸುತ್ತಿದ್ದ. ಊಟದ ತಟ್ಟೆಯನ್ನೂ ಮಟ್ಟ ನೋಡಿಯೇ ಮುಟ್ಟುತ್ತಾನೆ ಅಂತ ಗಾರೆಯವರು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ, ಅವನು ಕಟ್ಟಿದ್ದು ಯಾವುದೂ ಸೋರಲಿಲ್ಲ, ಅದಂತೂ ನಿಜ.

ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅಕ್ಕ. ತಾನು ಶಾಲೆ ಬಿಟ್ಟು, ಊರವರ ಬಟ್ಟೆ ಹೊಲಿದು ಇವನನ್ನು ಎಂಜಿನಿಯರ್ ಮಾಡಿದಳು. ದೊಡ್ಡ ಅಣೆಕಟ್ಟೆಯ ಕೆಲಸ ಬಂದಾಗ, ನೀರು ನಿಲ್ಲುವ ಮಟ್ಟಕ್ಕೆ ಗುಡ್ಡದ ಸುತ್ತ ಗಡಿಕಲ್ಲು ನೆಡಿಸಿದವನು ಇವನೇ. ಹೊಳೆ ಬಂದು ಜಲಾಶಯ ಸೇರುವ ತುದಿಯಲ್ಲಿ, ಕಲ್ಲಿಗಿಂತ ಒಂದಾಳೆತ್ತರ ಮೇಲೆ, ಅಕ್ಕ ಭಾವ ಮನೆ ಕಟ್ಟಲು ಹೊರಟರು. ಜಾಗ ಸರಿಯೇ ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟ.

"ಕಣ್ಣು ಮುಚ್ಚಿಕೊಂಡು ಕಟ್ಟು ಅಕ್ಕ. ನೀರು ನನ್ನ ಕಲ್ಲು ದಾಟಲ್ಲ."

ನಿಂತ ನೀರು ಮಟ್ಟಸ, ಸರಿ. ಆದರೆ ನೆರೆ ಬಂದಾಗ ಹೊಳೆಯ ನೀರಿಗೆ ತುಂಬಿದ ಜಲಾಶಯದೊಳಗೆ ಜಾಗ ಸಿಗದೆ ಅದು ಹಿಂದಕ್ಕೆ ಏರುತ್ತದೆ, ತುದಿಯಲ್ಲಿ ಕಲ್ಲನ್ನೂ ಮೀರುತ್ತದೆ. ಈ ಲೆಕ್ಕ ಇವನಿಗೆ ಹೊಳೆದದ್ದು ಅಕ್ಕನ ಮನೆಗೆ ಸೂರು ಬಿದ್ದ ಮೇಲೆ. ಕಲ್ಲು ಸರಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಮುಖ್ಯ ಎಂಜಿನಿಯರ್ ಕುರ್ಚಿ ಬೇರೆ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಅಂಥ ನೆರೆ ಯಾವ ಕಾಲಕ್ಕೋ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡ. ಪಾಪಿ, ಆ ಮನೆಗೇ ಹೋಗಿ ಹೊಟ್ಟೆ ತುಂಬ ಉಂಡು ಬರುತ್ತಲೂ ಇದ್ದ.

ಜಲಾಶಯ ತುಂಬಿದ ವರ್ಷವೇ ನೆರೆ ಬಂತು. ಮನೆ ಹೋಯಿತು. ಹೊಲಿಗೆ ಯಂತ್ರ ತರುತ್ತೇನೆಂದು ಒಳಗೆ ಹೋದ ಭಾವ ಹೊರಗೆ ಬರಲಿಲ್ಲ.

ವಿಚಾರಣೆಯ ಅಧಿಕಾರಿ ಅಣೆಕಟ್ಟೆಯ ಕಚೇರಿಯಲ್ಲೇ ಕೂತ. ಬೆಂಚಿನ ಮೇಲೆ ಅಕ್ಕ, ಎದುರಿಗೆ ತಮ್ಮ. ಇಲ್ಲಿ ಕಟ್ಟಬಹುದೆಂದು ಇಲಾಖೆಯವರು ಯಾರಾದರೂ ಹೇಳಿದ್ದರೆ ನಿಮಗೆ ಪರಿಹಾರ ಸಿಗುತ್ತದೆ, ಹೇಳಿದವನ ಕೆಲಸ ಹೋಗುತ್ತದೆ ಅಂತ ಅಧಿಕಾರಿ ಅವಳಿಗೆ ಬಿಡಿಸಿ ಹೇಳಿದ. ಅಕ್ಕ ತಮ್ಮನ ಮುಖ ನೋಡಿದಳು. ಬೆವರು ಇಳಿಯುತ್ತಿತ್ತು. ಎಷ್ಟೆಂದರೂ ತಾನು ಎತ್ತಿ ಆಡಿಸಿದ ಜೀವ.

"ಯಾರೂ ಹೇಳಲಿಲ್ಲ ಸ್ವಾಮಿ. ನಾವೇ ಕಟ್ಟಿಕೊಂಡ್ವಿ."

ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಧಿಕಾರಿ ಇವನ ಕಡೆ ತಿರುಗಿ, ಇವರು ನಿಮ್ಮ ಒಡಹುಟ್ಟಿದವರಲ್ಲವೇ, ನೀವಾದರೂ ತಡೆಯಬಾರದಿತ್ತೇ ಅಂತ ಕೇಳಿದ. ರಸಮಟ್ಟ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ಬೇಡ ಬೇಡ ಅಂತ ಬಡಕೊಂಡೆ ಸಾರ್. ಗಂಡ ಹೆಂಡತಿ ಇಬ್ಬರೂ ನನ್ನ ಮಾತು ಕೇಳಲಿಲ್ಲ."

ಅಧಿಕಾರಿ ಅಕ್ಕನ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.