ಹನ್ನೊಂದು ಗಂಟೆ ತಡವಾಗಿ ಬಂದ ವಾಂತಿ

ಮೂರು ವರ್ಷಗಳ ಹಿಂದಿನ ಆಟಿ ತಿಂಗಳು, ಜೋರು ಮಳೆಗಾಲ. ಕಾಣಿಯೂರು ಕಡೆಯ ಆರು ಹಾಸಿಗೆಗಳ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಲಲಿತಕ್ಕ ಎಂಬ ನಲವತ್ತೈದರ ಮಹಿಳೆ ವಾಂತಿ-ಭೇದಿಯಿಂದ ಸುಸ್ತಾಗಿ ಬಂದರು. ಹಿಂದಿನ ರಾತ್ರಿಯ ಊಟ ಕೇಳಿದರೆ, "ಅನ್ನ, ಪದಾರ್ಥ" ಎಂದರು. ನಮ್ಮಲ್ಲಿ ಸಾರು, ಗಸಿ ಎಲ್ಲವೂ ಪದಾರ್ಥವೇ. ಯಾವುದೆಂದು ನಾನು ಕೇಳಲಿಲ್ಲ. ಡ್ರಿಪ್ ಹಾಕಿದೆವು.

ಮರುದಿನ ಅವರು ಎದ್ದು ಕೂತು ಗಂಜಿ ಕುಡಿದರು. ಬಿಡುಗಡೆ ಚೀಟಿಯಲ್ಲಿ ಊಟದ ಹೊತ್ತು, ವಾಂತಿ ಶುರುವಾದ ಹೊತ್ತು ಎರಡನ್ನೂ ಬರೆಯಬೇಕಿತ್ತು. ರಾತ್ರಿ ಎಂಟು, ಬೆಳಿಗ್ಗೆ ಏಳು. ಹನ್ನೊಂದು ಗಂಟೆಯ ಅಂತರ. ನನ್ನ ಪೆನ್ನು ನಿಂತಿತು.

"ಎಂತ ಪದಾರ್ಥ, ಲಲಿತಕ್ಕ?"

"ಅಣಬೆದು. ಇವರು ಸುಳ್ಯದಲ್ಲಿ ಅಕ್ಕನ ಮನೆಯಲ್ಲೇ ಉಂಡು ಬಂದ್ರು. ನಾನೊಬ್ಬಳೇ ಖಾಲಿ ಮಾಡಿದೆ."

ಪಕ್ಕದಲ್ಲಿದ್ದ ಗಂಡ ವಿಶ್ವನಾಥರ ಮುಖ ಬಿಗಿಯಿತು. "ನಮ್ಮ ಹುತ್ತದ್ದೇ, ಸಿಸ್ಟರ್. ಅಜ್ಜನ ಕಾಲದಿಂದ ತಿನ್ನುದು. ಅರಸಿನ ಹಾಕಿ ಬೇಯಿಸಿದ್ದು, ವಿಷ ಇದ್ರೆ ಬಣ್ಣ ಬದಲಾಗ್ತಿತ್ತು, ಆಗ್ಲಿಲ್ಲ."

"ಬೇರು ಹೇಗಿತ್ತು?"

"ಬೇರು ಕೀಳ್ಲಿಕ್ಕಿಲ್ಲ. ಕಿತ್ತರೆ ಮುಂದಿನ ವರ್ಷ ಎಂತ ಏಳುದು? ಮೇಲಿಂದ ಚಿವುಟುದು."

ವೈದ್ಯರಿಗೆ ಹೇಳಿದೆ. ಅವರು ತಕ್ಷಣ ಆಂಬುಲೆನ್ಸ್ ಕರೆಸಿದರು. ಕೆಲವು ಅಣಬೆಗಳ ವಿಷದಲ್ಲಿ ವಾಂತಿ ತಡವಾಗಿ ಬರುತ್ತದೆ, ನಡುವೆ ಒಂದು ದಿನ ಗುಣವಾದಂತೆ ಕಾಣುತ್ತದೆ. ಅದೇ ಹೊತ್ತಿಗೆ ಲಿವರ್ ಕೆಡುತ್ತಿರುತ್ತದೆ ಎಂದರು. ಚಿವುಟಿದಲ್ಲಿ ಮಣ್ಣಿನೊಳಗೆ ಉಳಿದ ಬುಡ ಅಗೆದು ತರಲು ವಿಶ್ವನಾಥರು ಬೈಕ್ ಹತ್ತಿದರು.

ಲಲಿತಕ್ಕ ಆಗಲೇ ಸೀರೆ ನೆರಿಗೆ ಸರಿಮಾಡಿಕೊಂಡು ಬಾಗಿಲಿಗೆ ಬಂದಿದ್ದರು. "ನನಗೆ ಎಂತ ಆಗಿದೆ ಮಾರಾಯ್ರೆ? ನಡೆಯುವವಳನ್ನು ಮಲಗಿಸಿ ಕೊಂಡೋದ್ರೆ ಊರವರು ನಗಾಡುದಿಲ್ವಾ?"

"ನಗಾಡ್ಲಿ. ನೀವು ವಾಪಸು ಬಂದು ನನಗೆ ಬೈಯಿರಿ, ಕೇಳ್ತೇನೆ. ಈಗ ಹತ್ತಿ."

ಬಾಗಿಲಿಗೆ ಅಡ್ಡ ನಿಂತೇ ಹೇಳಿದೆ.

ವಿಶ್ವನಾಥರು ಬಾಳೆಲೆಯಲ್ಲಿ ತಂದದ್ದನ್ನು ವೈದ್ಯರು ಬಿಡಿಸಿದರು. ಹುತ್ತದ ಅಣಬೆಗೆ ಗೆದ್ದಲಿನ ಗೂಡಿನವರೆಗೆ ಇಳಿಯುವ ಉದ್ದ ಬೇರಿರುತ್ತದೆ. ಇದಕ್ಕೆ ಬೇರಿಲ್ಲ, ದಪ್ಪ ಬುಡ, ಅದರ ಸುತ್ತ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೀಲ. ಹುತ್ತಕ್ಕೆ ತಾಗಿದ ಕಾಡುಮರದ ಬುಡದಲ್ಲಿ ಎದ್ದದ್ದಂತೆ. "ನಾನೇ ಅಲ್ವಾ ತಂದುಕೊಟ್ಟದ್ದು" ಎಂದು ವಿಶ್ವನಾಥರು ಆಂಬುಲೆನ್ಸಿನ ಮೆಟ್ಟಿಲಲ್ಲೇ ಕೂತುಬಿಟ್ಟರು.

ಮಂಗಳೂರಿನ ದೊಡ್ಡಾಸ್ಪತ್ರೆ ತಲುಪುವಾಗ ಲಿವರಿಗೆ ಪೆಟ್ಟು ಬಿದ್ದಾಗಿತ್ತು. ಸಂಜೆಗೆ ಕಣ್ಣು ಹಳದಿಯಾಯಿತು. ಹನ್ನೆರಡು ದಿನಗಳ ನಂತರ ಅವರು ಬದುಕಿ ಮನೆಗೆ ಬಂದರು.

ಈಗಲೂ ಮಳೆಗಾಲದಲ್ಲಿ ಊರವರ ಪ್ರತಿ ಆರೋಗ್ಯ ಸಭೆಯಲ್ಲಿ ಹೇಳುತ್ತೇನೆ: ಅರಸಿನ ವಿಷವನ್ನು ತೋರಿಸುವುದಿಲ್ಲ, ಎದ್ದ ಜಾಗವೂ ಸಾಕ್ಷಿಯಲ್ಲ. ಉದ್ದ ಬೇರು ಕಂಡಮಾತ್ರಕ್ಕೆ ತಿನ್ನಬಹುದೆಂದೂ ಅಲ್ಲ, ಸಂಶಯವಿದ್ದರೆ ಬಿಡಿ. "ಸಿಸ್ಟರ್ ಬಂದ್ರು, ಅಣಬೆ ಮುಚ್ಚಿಡಿ" ಎಂದು ಹೆಂಗಸರು ಕೆಣಕುತ್ತಾರೆ. ನಾನು ಹೇಳುವುದನ್ನು ನಿಲ್ಲಿಸುವುದಿಲ್ಲ.

ಸಹಿ ಹಾಕದ ಆ ಚೀಟಿ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ನರಳುವವರನ್ನು ಮಲಗಿಸುವುದು ಕಷ್ಟವಲ್ಲ. ಗುಣವಾಯಿತೆಂದು ಎದ್ದು ಹೊರಟವರನ್ನು ತಡೆದು ನಿಲ್ಲಿಸುವುದನ್ನೂ ನರ್ಸ್ ಕಲಿತಿರಬೇಕು.