ಮೂವತ್ತೆಂಟಕ್ಕೆ ನಿಂತ ಹಸಿರು ಗೆರೆ

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆಗೆದರೆ ಎದುರಿಗೇ ಗೇಲಿ ಮಾಡುತ್ತಿದ್ದವನು ನಾನು. ಇಂಡಿ ಪಟ್ಟಣದಲ್ಲಿ ಟಿವಿ ರಿಪೇರಿ ಅಂಗಡಿ ನಡೆಸುವವನಿಗೆ ಎಲ್ಲದಕ್ಕೂ ಒಂದು ಕಾರಣ ಸಿಗುತ್ತದೆ. ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಇಲಿ ವೈರು ಕಡಿದಿರುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಹೊರ್ತಿ ಹಳ್ಳಿಯ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಮಾತ್ರ ಇನ್ನೂ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ.

ಅಪ್ಪನಿಗೆ ಕಿವಿ ಮಂದ. ಸಂಜೆ ಏಳರ ವಾರ್ತೆಗೆ ರಿಮೋಟ್ ಹಿಡಿದು ಕೂತರೆ ಟಿವಿಯ ಸದ್ದನ್ನು ಮೂವತ್ತೆಂಟಕ್ಕೆ ಏರಿಸಿಯೇ ಬಿಡುತ್ತಿದ್ದ. ಒಂದು ಸಂಜೆ ನಾನು ಅಂಗಡಿಯಿಂದ ತಲೆನೋವು ಹೊತ್ತು ಬಂದಿದ್ದೆ. "ಊರಿಗೆಲ್ಲ ಕೇಳಸ್ಬೇಕೇನು?" ಎಂದು ರೇಗಿ, ರಿಮೋಟ್ ಕಸಿದುಕೊಂಡು ಹತ್ತಕ್ಕೆ ಇಳಿಸಿದೆ.

"ನನಗ ಕೇಳಸವಲ್ದೋ ತಮ್ಮಾ," ಅಷ್ಟೇ ಅಂದ ಅಪ್ಪ. ಕೈ ತೊಡೆಯ ಮೇಲಿಟ್ಟುಕೊಂಡು ಬರೀ ಚಿತ್ರ ನೋಡುತ್ತ ಕೂತ. ಬೆಳಗಾಗುವುದರೊಳಗೆ ತೀರಿಕೊಂಡಿದ್ದ.

ನಮ್ಮಲ್ಲಿ ಸತ್ತವರನ್ನು ಹೊಲದಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಕುಣಿ ಮುಚ್ಚುವ ಮುನ್ನ ಅವ್ವ ಸೆರಗಿನೊಳಗಿಂದ ಆ ರಿಮೋಟ್ ತೆಗೆದು ಅಪ್ಪನ ಮಡಿಲಲ್ಲಿ ಇಡಿಸಿದಳು. ಯಾರೂ ಬೇಡವೆನ್ನಲಿಲ್ಲ. ನನ್ನ ಮುಖವನ್ನು ಅವಳು ನೋಡಲಿಲ್ಲ.

ತಿಂಗಳಾಯಿತು. ಮೊಣಕಾಲು ನೋವಿನ ಅವ್ವ ಎದ್ದೆದ್ದು ಹೋಗಿ ಟಿವಿಯ ಗುಂಡಿ ಒತ್ತುವುದು ನೋಡಲಾಗದೆ, ಯಾವ ಟಿವಿಗಾದರೂ ಹೊಂದುವ ಯುನಿವರ್ಸಲ್ ರಿಮೋಟ್ ತಂದೆ. ಅದರ ಜೊತೆ ಬಂದ ಕೋಡ್ ಪಟ್ಟಿಯ ಒಂದು ನಂಬರೂ ನಮ್ಮ ಟಿವಿಗೆ ಹೊಂದಲಿಲ್ಲ. ಇನ್ನೊಂದು ದಾರಿ ಇತ್ತು. ಒಂದು ಗುಂಡಿ ಒತ್ತಿಹಿಡಿದರೆ ರಿಮೋಟ್ ತಾನೇ ಒಂದೊಂದಾಗಿ ಕೋಡ್ ಕಳಿಸುತ್ತ ಹೋಗುತ್ತದೆ. ತೆರೆಯ ಮೇಲೆ ಸದ್ದಿನ ಹಸಿರು ಗೆರೆ ಮೂಡಿದ ಕೂಡಲೇ ಕೈ ಬಿಡಬೇಕು. ಏಳರ ವಾರ್ತೆ ಶುರುವಾಗಿತ್ತು. ಗೆರೆ ಮೂಡಿತು, ಕೈ ಬಿಟ್ಟೆ. ಆದರೂ ಗೆರೆ ಏರುತ್ತ ಹೋಗಿ ಮೂವತ್ತೆಂಟಕ್ಕೆ ನಿಂತಿತು.

ಹೊಸ ರಿಮೋಟಿನ ಸೆಲ್ ಕಿತ್ತು ಹಾಕಿದೆ. ಟಿವಿಯ ಗುಂಡಿ ಒತ್ತಿ ಹತ್ತಕ್ಕೆ ಇಳಿಸಿದೆ. ಮತ್ತೆ ಏರಿತು, ಮೂವತ್ತೆಂಟು. ರಿಮೋಟಿನ ಬೆಳಕು ಒಂದು ಗೋಡೆಯನ್ನೂ ದಾಟದು, ಅಪ್ಪನ ಮೇಲಿನ ಅಷ್ಟು ಮಣ್ಣನ್ನು ಹೇಗೆ ದಾಟೀತು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಟಿವಿಯ ಕಡೆಗೆ ಕೈ ಚಾಚಿದೆ.

"ಇಳಸಬ್ಯಾಡೋ ತಮ್ಮಾ, ಕೇಳ್ಲಿ ಬಿಡೋ!" ಎಂದು ಅವ್ವ ಕೂಗಿದಳು. ಅಷ್ಟರಲ್ಲಿ ನಾನು ಹೆದರಿ ಪ್ಲಗ್ ಕಿತ್ತುಬಿಟ್ಟಿದ್ದೆ.

ಮರುದಿನ ಟಿವಿ ಬಿಚ್ಚಿ ನೋಡಿದೆ. ಏನೂ ಕೆಟ್ಟಿರಲಿಲ್ಲ. ಗುಂಡಿ ಸಿಕ್ಕಿಕೊಂಡಿತ್ತು ಎಂದು ಗಿರಾಕಿಗಾದರೆ ಹೇಳಿ ಕಳಿಸುತ್ತಿದ್ದೆ. ನನಗೆ ನಾನು ಹೇಳಿಕೊಳ್ಳಲಾರೆ. ಆಮೇಲೆ ಎಷ್ಟೋ ಸಂಜೆ ವಾರ್ತೆಯ ಹೊತ್ತಿಗೆ ಸದ್ದನ್ನು ಹತ್ತಕ್ಕೆ ಇಟ್ಟು, ಏನನ್ನೂ ಮುಟ್ಟದೆ ಕಾದು ಕೂತಿದ್ದೇನೆ. ಗೆರೆ ಮತ್ತೆ ಮೂಡಿಲ್ಲ. ಕಡೆಗೆ ನಾನೇ ಎದ್ದು ಮೂವತ್ತೆಂಟಕ್ಕೆ ಏರಿಸುತ್ತೇನೆ.