ಮಧ್ಯಾಹ್ನದ ಭೈರವಿ

ಮೊನ್ನೆ ಹುಮನಾಬಾದ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಕಳಚಿ ಆರಾಮವಾಗಿ ಕುಳಿತಿದ್ದೆ. ಪಕ್ಕದವರ ಮೊಬೈಲಿನಲ್ಲಿ ಯಾರೋ ಭೈರವಿ ರಾಗ ಎತ್ತಿಕೊಂಡರು ನೋಡಿ, ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕತೊಡಗಿದವು. ನಮ್ಮ ಕಡೆಯವರಿಗೆ ಭೈರವಿ ಎಂದರೆ ರಾಗಕ್ಕಿಂತ ಹೆಚ್ಚಾಗಿ ಇನ್ನು ಏಳಿ ಎಂಬ ಅಪ್ಪಣೆ.

ಇದರ ಅರ್ಥ ಹೇಳಿಕೊಟ್ಟವರು ಇದೇ ಹುಮನಾಬಾದದ ಪೇಟಿ ಮಾಸ್ತರರು. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಯಾರ ಮನೆಯ ಭಜನೆಗೂ ಹಾರ್ಮೋನಿಯಂ ಅವರದೇ. "ಭೈರವನ ಹೆಣ್ತಿ ಭೈರವಿ. ಆಕಿ ಬಂದ ಮ್ಯಾಲ ಮತ್ತ್ಯಾರು ಬಾಯಿ ತೆರೀತಾರ?" ಎಂದು ಪ್ರತಿ ಸಲ ಹೇಳುವರು, ನಾವೂ ಪ್ರತಿ ಸಲ ಹೊಸದಾಗಿ ನಗುವೆವು. ಆಮೇಲೆ ಗಂಭೀರರಾಗಿ, ಇದು ಅಸಲಿಗೆ ಬೆಳಗಿನ ರಾಗ, ಹಿಂದೆ ರಾತ್ರಿಯಿಡೀ ಹಾಡಿ ಬೆಳಗಿಗೆ ಮುಗಿಸುತ್ತಿದ್ದುದರಿಂದ ಮುಗಿಸುವ ರಾಗವಾಯಿತು ಎನ್ನುವರು. ನಮ್ಮ ಭಜನೆಗಳು ಮಾತ್ರ ಅವರು ಊರಿಗೆ ಮರಳುವ ಬಸ್ಸಿನ ಹೊತ್ತಿಗೆ ಮುಗಿಯುತ್ತಿದ್ದವು.

ಒಂದು ಭಾನುವಾರ ನಮ್ಮ ಮನೆಯಲ್ಲೇ ಭಜನೆ. ಚಿಕ್ಕಮ್ಮ ನಾಲ್ಕು ಜನರೆದುರು ಮೊದಲ ಬಾರಿ ಹಾಡುವವಳಿದ್ದಳು. ರೊಟ್ಟಿ ಬಡಿಯುತ್ತ ಒಂದೇ ವಚನವನ್ನು ಎಷ್ಟೋ ದಿನದಿಂದ ಕಲಿತಿದ್ದಳು. ತಾಳ ತಪ್ಪಿದಾಗ ರೊಟ್ಟಿಯೂ ಹರಿಯುತ್ತಿತ್ತು. ಗಂಡಸರೆಲ್ಲ ಹಾಡಿದರು, ಹಾಡಿದವರೇ ಮತ್ತೊಮ್ಮೆ ಹಾಡಿದರು. ಅವಳ ಸರದಿ ಬರುವಷ್ಟರಲ್ಲಿ ಮಾಸ್ತರರು ಗಡಿಯಾರ ನೋಡಿ, ಸುಡು ಮಧ್ಯಾಹ್ನದಲ್ಲಿ ಭೈರವಿ ಎತ್ತಿಯೇಬಿಟ್ಟರು. ಅದು ಮುಗಿದದ್ದೇ ತಡ, ಜನ ಎದ್ದರು. ಅವಳ ಗಂಡ, ನಮ್ಮ ಕಾಕಾ, ಜಮಖಾನೆ ಮಡಿಸತೊಡಗಿದ.

"ನಂದು ಇನ್ನಾ ಬಾಕಿ ಅದರಿ," ಎಂದಳು ಚಿಕ್ಕಮ್ಮ.

"ಭೈರವಿ ಆಯ್ತಲ್ಲ ತಾಯಿ. ಕಾಯ್ದಾ ಮುರೀಬಾರದು. ಮುಂದಿನ ಸಲ ನೋಡಮು," ಎಂದರು ಮಾಸ್ತರರು.

ಅವಳ ಕಣ್ಣು ತುಂಬಿತು. ನನಗೆ ಬಹಳ ಕೆಟ್ಟದೆನಿಸಿತು. ಆದರೆ ಅವಳು ಜಮಖಾನೆಯಿಂದ ಏಳಲಿಲ್ಲ.

"ಬೆಳಗಿನ ರಾಗ ಅಂತ ನೀವೇ ಹೇಳ್ತೀರಿ ಮಾಸ್ತರ್. ಹಂಗಾದ್ರ ಈಗ ಬೆಳಗಾಯ್ತು. ನಿನ್ನಿ ಭಜನಿ ಮುಗೀತು. ಇವತ್ತಿಂದು ನಾ ಸುರು ಮಾಡಾಕತ್ತೇನಿ. ಪೇಟಿ ತಗೀರಿ."

ಮಾಸ್ತರರು ಬಾಗಿಲ ಕಡೆ ನೋಡಿದರು, ಪೇಟಿಯ ಕಡೆ ನೋಡಿದರು. ತಮ್ಮದೇ ವಿವರಣೆಗೆ ಸಿಕ್ಕಿಬಿದ್ದವರು ಏನು ಮಾಡಿಯಾರು? ಕುಳಿತರು. ಚಿಕ್ಕಮ್ಮನ ದನಿ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ಶ್ರುತಿ ಬಿಟ್ಟು ಓಡಿತು, ಆಮೇಲೆ ದಾರಿಗೆ ಬಂತು. ಅದ್ಭುತವಾಗಿ ಹಾಡಿದಳೆಂದರೆ ಸುಳ್ಳಾದೀತು. ಪೂರ್ತಿ ಹಾಡಿದಳು. ಮಾಸ್ತರರ ಬಸ್ಸು ಹೋಯಿತು.

ಪಕ್ಕದವರ ಮೊಬೈಲು ಸುಮ್ಮನಾಯಿತು. ನಾನು ಕಾಯುತ್ತಿದ್ದ ಬಸವಕಲ್ಯಾಣದ ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ನಾನು ಏಳಲಿಲ್ಲ.

"ಮುಂದಿನ ಹಾಡು ಹಚ್ಚರಿ," ಎಂದೆ ಪಕ್ಕದವರಿಗೆ.